ಸತ್ಯಾಂಶ: ನೆರೆಯಲ್ಲಿ ಅನಾಥರಾದ ಮಕ್ಕಳನ್ನು ಕರೆ ಮಾಡಿ ದತ್ತು ಪಡೆಯಬಹುದೇ?

ಕೃಷ್ಣಾ, ತುಂಗಭದ್ರಾ ನದಿಗಳ ನೆರೆಯ ನಂತರ ರಾಯಚೂರು ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ‘ಅನಾಥ ಮಕ್ಕಳು ಚಿಕ್ಕ ಆಶ್ರಮದಲ್ಲಿದ್ದಾರೆ, ಈ ಸಂಖ್ಯೆಗೆ ಕರೆ ಮಾಡಿ ದತ್ತು ಪಡೆಯಿರಿ’ ಎಂಬ ಸಂದೇಶವನ್ನು ನಂಬಬಾರದು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪಾಲಕರಿಲ್ಲದೆ ಸಿಕ್ಕ ಮಗುವನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬೇರೆ ಪರಿಹಾರ ಕೇಂದ್ರದಲ್ಲಿ ತಾಯಿಯೋ ಅಜ್ಜಿಯೋ ಆ ಮಗುವಿಗಾಗಿ ಹಂಬಲಿಸುತ್ತಿರಬಹುದಾದ್ದರಿಂದ, ಸಮಿತಿ ಮೊದಲು ಕುಟುಂಬವನ್ನು ಹುಡುಕಿಸುತ್ತದೆ. ಕಾನೂನು ಕ್ರಮವಿಲ್ಲದೆ ಅನಾಥ ಮಗುವನ್ನು ದತ್ತು ಕೊಡುವುದೂ ಪಡೆಯುವುದೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ಆದರೆ ಚಿಕ್ಕ ಸಂಸ್ಥೆಗಳಿಗೆ ನೆರವು ನಿಜಕ್ಕೂ ಬೇಕು: ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೋಡಿ, ಅಗತ್ಯವೇನೆಂದು ಕೇಳಿ ಕೊಟ್ಟು, ರಸೀದಿ ಪಡೆಯಿರಿ. ಒಂಟಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.