ಅರ್ಜಿ ಬಿಚ್ಚಿದ್ದು ಸರಿ, ಆದರೆ ಬೇರೆಯವರ ಅರ್ಜಿಗಳು?

ನ್ಯೂಜಿಲೆಂಡಿನ ಹೆಂಗಸರು 1893ರಲ್ಲಿ ಒಂದು ಅರ್ಜಿ ಹಾಕಿ ಮತದ ಹಕ್ಕು ಪಡೆದರು ಅಂತ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸಲೀಸಾಗಿ ಏನೂ ಆಗಲಿಲ್ಲ ಸ್ವಾಮಿ. 1891ರಲ್ಲಿ 9 ಸಾವಿರಕ್ಕೂ ಜಾಸ್ತಿ ಸಹಿ, 1892ರಲ್ಲಿ ಹತ್ತಿರ ಹತ್ತಿರ 20 ಸಾವಿರ, ಎರಡು ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರನೇ ಸಲ ಹೋರಾಟದ ಮುಂದಾಳು ಕೇಟ್ ಶೆಪರ್ಡ್ ಊರೂರಿಂದ ಬಂದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಪೊರಕೆ ಕೋಲಿನ ತುಂಡಿಗೆ ಸುತ್ತಿ ಕಳಿಸಿದರು, ಸಂಸದ ಸರ್ ಜಾನ್ ಹಾಲ್ ಅದನ್ನು ಸದನದ ನಡುವೆ ಉರುಳಿಸಿಬಿಟ್ಟಾಗ ಸುರುಳಿ ಬಿಚ್ಚುತ್ತಾ ಹೋಗಿ ಆ ಕಡೆ ಗೋಡೆಗೆ ಧಡ್ ಅಂತ ಬಡಿಯಿತಂತೆ. ಸುಮಾರು 270 ಮೀಟರ್ ಉದ್ದ! ಆದರೂ ಮತದ ಹಕ್ಕಿನ ಮಸೂದೆ ಮೇಲ್ಮನೆಯಲ್ಲಿ ಪಾಸಾದದ್ದು 20–18ರಲ್ಲಿ, ಕೂದಲೆಳೆ ಅಂತರ.

ಬರೀ ಸಹಿಯಿಂದಲೇ ಕೆಲಸ ಆಗುತ್ತಿದ್ದರೆ ಪಕ್ಕದ ಆಸ್ಟ್ರೇಲಿಯಾದ ವಿಕ್ಟೋರಿಯಾ ನೋಡಿ. ಅಲ್ಲೂ 1891ರಲ್ಲಿ ಸುಮಾರು 30 ಸಾವಿರ ಸಹಿ ಕೊಟ್ಟರು, ರಾಜ್ಯದ ಚುನಾವಣೆಯಲ್ಲಿ ಮತ ಸಿಕ್ಕಿದ್ದು 1908ಕ್ಕೆ.

ಇನ್ನು ಒಬ್ಬೊಬ್ಬರೇ ಹಾಕುವ ಸಾದಾ ಅರ್ಜಿಗಳ ಕಥೆ ನೀವು ಮುಟ್ಟೇ ಇಲ್ಲ. ನ್ಯೂಜಿಲೆಂಡಿನ ಸಂಸತ್ತಿರುವ ವೆಲ್ಲಿಂಗ್ಟನ್‌ನಲ್ಲಿ ಆಗ ಅದಕ್ಕೆ ಎರಡು ಸಮಿತಿ ಇದ್ದವು, ಅರ್ಜಿದಾರರ ಹೆಸರು ಎ ಇಂದ ಎಲ್ ಒಳಗಿದ್ದರೆ ಒಂದು, ಎಂ ಇಂದ ಝೆಡ್ ಆದರೆ ಇನ್ನೊಂದು. ಅಲ್ಲಿನ ಮೂಲನಿವಾಸಿ ಮಾವೋರಿಗಳ ಅರ್ಜಿ ಹೋಗುತ್ತಿದ್ದದ್ದು ಬೇರೆಯೇ ಸಮಿತಿಗೆ, ಭೂಮಿ ಹೋಯ್ತು ಅಂತ ಗೋಳಾಡಿದರೂ ಎಷ್ಟೋ ಅರ್ಜಿಗೆ ಸಿಕ್ಕ ಉತ್ತರ 'ಸಮಿತಿಯ ಶಿಫಾರಸು ಏನೂ ಇಲ್ಲ' ಅಂತ ಒಂದು ಸಾಲು. ಶಿಫಾರಸು ಮಾಡಿದರೂ ಸರ್ಕಾರ ಕೇಳಲೇಬೇಕು ಅಂತೇನಿರಲಿಲ್ಲ. ಮುಂದಿನ ಭಾಗದಲ್ಲಿ ಇದನ್ನೂ ಬರೀರಿ.