ಕಿಲೋಮೀಟರ್ ಆಮೇಲೆ, ಮೊದಲು ಬ್ಯಾಂಡ್ ನೋಡಿ

ಕಾರ್ಖಾನೆಯ ಯಂತ್ರಗಳ ನಡುವೆ ತಂತಿಯಿಲ್ಲದೆ ಡೇಟಾ ಕಳಿಸುವ ರೇಡಿಯೊ ಕೊಳ್ಳುವಾಗ ಅದು ಎಷ್ಟು ಕಿಲೋಮೀಟರ್ ಹೋಗುತ್ತದೆ ಅನ್ನುವುದನ್ನೇ ಮೊದಲು ನೋಡಿ ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಮೊದಲು ನೋಡಬೇಕಾದದ್ದು ಬ್ಯಾಂಡ್, ಅಂದರೆ ಅದು ಯಾವ ತರಂಗಾಂತರದ ಪಟ್ಟಿಯಲ್ಲಿ (ಫ್ರೀಕ್ವೆನ್ಸಿಯಲ್ಲಿ) ಕೆಲಸ ಮಾಡುತ್ತದೆ ಅನ್ನುವುದು. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು. ನಮ್ಮಲ್ಲಿ ಹಾಗಿಲ್ಲ, ಆ ಜಾಗದಲ್ಲಿ ಮೊಬೈಲ್ ಕಂಪನಿಗಳಿವೆ. ನಮಗೆ ಲೈಸೆನ್ಸ್ ಇಲ್ಲದೆ ಮುಖ್ಯವಾಗಿ ಸಿಗುವುದು 865 ಮೆಗಾಹರ್ಟ್ಸ್‌ನಿಂದ ಶುರುವಾಗುವ ಸಣ್ಣ ಪಟ್ಟಿ, ಮತ್ತೆ 2.4 ಹಾಗೂ 5 ಗಿಗಾಹರ್ಟ್ಸ್. ಆರ್ಡರ್ ಕೊಡುವ ಮುಂಚೆ ಡಬ್ಲ್ಯುಪಿಸಿ (ರೇಡಿಯೊ ತರಂಗಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ವಿಭಾಗ) ಆ ಮಾದರಿಗೆ ಕೊಡುವ ಒಪ್ಪಿಗೆ, ಅಂದರೆ ಇಟಿಎ ಪ್ರಮಾಣಪತ್ರ ಕೇಳಿ. ಸಪ್ಲೈಯರ್ 'ಆಮೇಲೆ ಕಳಿಸ್ತೀನಿ' ಅಂದರೆ ಸುಮ್ನೆ ಎದ್ದು ಬನ್ನಿ.

ನಾನು ಪುಣೆಯ ಚಾಕಣ್‌ನಲ್ಲಿ ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಕಂಟ್ರೋಲರ್‌ಗಳ ಕೆಲಸ ಮಾಡುವವನು. ಇಲ್ಲಿನ ಶೆಡ್‌ಗಳಲ್ಲಿ 2.4 ಅಂದರೆ ಸಂತೆ. ಆಫೀಸಿನ ವೈಫೈ, ಬ್ಲೂಟೂತ್, ಬಾರ್‌ಕೋಡ್ ಸ್ಕ್ಯಾನರ್ ಎಲ್ಲವೂ ಅಲ್ಲೇ. ದೂರದ ಟ್ಯಾಂಕಿನ ಮಟ್ಟ ಓದಲು 865 ಸಾಕು. ವೇಗ ಕಡಿಮೆ, ಆದರೆ ನೀರು ಸೆಕೆಂಡಿಗೊಮ್ಮೆ ಏರಿಳಿಯುವುದಿಲ್ಲ ಅಲ್ವಾ? ಓಡಾಡುವ ಕ್ರೇನಿನ ಕಥೆ ಬೇರೆ. ಪ್ರೊಫಿನೆಟ್ (ಕಾರ್ಖಾನೆ ಯಂತ್ರಗಳ ನೆಟ್‌ವರ್ಕ್) ಮೇಲೆ ಸೇಫ್ಟಿ ಸಿಗ್ನಲ್ ಹೋಗುತ್ತಿದ್ದರೆ, ಕೆಲವು ಪ್ಯಾಕೆಟ್ ತಡವಾದರೂ ವಾಚ್‌ಡಾಗ್, ಅಂದರೆ ಸಿಗ್ನಲ್ ಹೊತ್ತಿಗೆ ಬಂತಾ ಅಂತ ಕಾಯುವ ಟೈಮರ್, ಕ್ರೇನನ್ನು ನಿಲ್ಲಿಸಿಬಿಡುತ್ತದೆ. ಅಲ್ಲಿ ಕಿಲೋಮೀಟರ್ ತಗೊಂಡು ಏನು ಮಾಡೋದು? 5 ಗಿಗಾಹರ್ಟ್ಸ್ ಹಾಕಿ, ಆದರೆ ಹಳಿಯುದ್ದಕ್ಕೂ ಲೀಕಿ ಕೇಬಲ್ (ಉದ್ದಕ್ಕೂ ಸಿಗ್ನಲ್ ಹೊರಬಿಡುತ್ತಾ ಆಂಟೆನಾದಂತೆ ಕೆಲಸ ಮಾಡುವ ಕೇಬಲ್) ಎಳೆಯಿರಿ. ದುಬಾರಿ, ಹೌದು. ಪರ್ಚೇಸ್‌ನವರು ಮುಖ ಗಂಟು ಹಾಕುತ್ತಾರೆ, ಹಾಕಲಿ.

ಇನ್ನೊಂದು: ಆಂಟೆನಾವನ್ನು ಕಬ್ಬಿಣದ ಪ್ಯಾನೆಲ್ ಒಳಗೆ ಇಡಬೇಡಿ. ಹೊರಗೆ ಹಾಕಿದರೆ ಕನೆಕ್ಟರ್‌ಗೆ ನೀರು ಇಳಿಯದ ಟೇಪ್ ಸುತ್ತಿ, ಜೂನ್‌ಗೆ ಮುಂಚೆಯೇ.