ಸಿನಿಮಾ ನೋಡದೆ ಹೇಳುತ್ತೇನೆ, ಚೆನ್ನಾಗಿದೆ

ನನ್ನ ಅಕ್ಕನ ಮಗನಿಗೆ ಅವನ ನೆಚ್ಚಿನ ನಟನ ಮುಂದಿನ ಚಿತ್ರ ಬಹಳ ಇಷ್ಟವಾಗಿದೆ. ಚಿತ್ರಕ್ಕೆ ಇನ್ನೂ ಕಥೆ ಸಿಕ್ಕಿಲ್ಲವಂತೆ.

ಹಾಗೆಂದು ಅವನ ಅಭಿಪ್ರಾಯಕ್ಕೆ ಆಧಾರವೇ ಇಲ್ಲ ಎನ್ನುವಂತಿಲ್ಲ. ಈಗಾಗಲೇ ಮೂರು ಪೋಸ್ಟರುಗಳು ಹೊರಬಿದ್ದಿವೆ. ಶೀರ್ಷಿಕೆಯನ್ನು ಎಂದು ಪ್ರಕಟಿಸಲಾಗುವುದು ಎಂಬುದನ್ನು ಎಂದು ಪ್ರಕಟಿಸಲಾಗುವುದು ಎಂದು ಮೊದಲನೆಯದು ಪ್ರಕಟಿಸುತ್ತದೆ. ಎರಡನೆಯದರಲ್ಲಿ ಒಂದು ಕೈ, ಕೈಯಲ್ಲಿ ಒಂದು ಮಚ್ಚು. ಮೂರನೆಯದರಲ್ಲಿ ಬೆನ್ನು. ‘ಬೆನ್ನಿನಲ್ಲೇ ಏನು ಅಭಿನಯ ನೋಡಿ ಮಾವ! ಇನ್ನು ಮುಖ ತೋರಿಸಿದರೆ ಬೇರೆಯವರ ಗತಿ ಏನು?’ ಎಂದು ಮೊಬೈಲನ್ನು ನನ್ನ ಮೂಗಿಗೆ ಹಿಡಿದ. ನಾನು ಕನ್ನಡಕ ಏರಿಸಿ ನೋಡಿದೆ. ಜಾಕೆಟ್ಟಿನ ಹೊಲಿಗೆ ಚೆನ್ನಾಗಿತ್ತು. ಹಾಗೆಂದೇ ಹೇಳಿದೆ. ಮೂರು ದಿನ ನನ್ನೊಂದಿಗೆ ಮಾತು ಬಿಟ್ಟ.

ಇವನು ಯಾರ ಅಭಿಮಾನಿ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಮನೆಯ ಕಿಟಕಿ ಗಾಜುಗಳಿಗೆ ನಾನೇ ಹೊಣೆ. ಬರೆಯುವ ಅಗತ್ಯವೂ ಕಾಣುವುದಿಲ್ಲ. ಕನ್ನಡದ ಯಾವ ನಾಯಕನಟನ ಹೆಸರನ್ನು ತಂದು ಕೂರಿಸಿದರೂ ಉಳಿದ ವಾಕ್ಯಗಳು ಒಂದಕ್ಷರವೂ ಅಲುಗದೆ ಹೊಂದಿಕೊಳ್ಳುತ್ತವೆ. ಸದ್ಯಕ್ಕೆ ಅವನು ಕರೆಯುವಂತೆಯೇ ‘ಬಾಸ್’ ಎನ್ನೋಣ. ಇವನು ಕೆಲಸಕ್ಕೆ ಹೋಗುವ ಕಚೇರಿಯಲ್ಲಿ ತಿಂಗಳ ಕೊನೆಗೆ ಸಂಬಳ ಕೊಡುವ ಒಬ್ಬ ಯಜಮಾನರಿದ್ದಾರೆ. ಅವರನ್ನು ಇವನು ಒಂದು ದಿನವೂ ಬಾಸ್ ಎಂದು ಕರೆದದ್ದಿಲ್ಲ. ಬಾಸ್ ಚಿತ್ರದ ಮೊದಲ ದಿನ ಅವರಿಗೆ ಹೇಳಿ ಕಳುಹಿಸುವುದು ಹೊಟ್ಟೆನೋವು.

ಕಳೆದ ಚಿತ್ರಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಬೆಳಗಿನ ಆರು ಗಂಟೆಯ ಪ್ರದರ್ಶನ, ಕೆಂಪೇಗೌಡ ರಸ್ತೆಯಲ್ಲಿ. ನಮ್ಮ ಕಾಲದಲ್ಲಿ ಆ ರಸ್ತೆಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಅದು ಚಿತ್ರಮಂದಿರಕ್ಕೇ ಬೀಳುತ್ತಿತ್ತು. ಈಗ ಸಾಗರ್ ಇಲ್ಲ, ಪಕ್ಕದ ರಸ್ತೆಯ ಕಪಾಲಿಯೂ ಇಲ್ಲ. ಮೆಜೆಸ್ಟಿಕ್ ಚಿತ್ರಮಂದಿರ ಹೋಗಿ ಅದರ ಹೆಸರಷ್ಟೇ ಬಸ್ ನಿಲ್ದಾಣದ ಪಾಲಿಗೆ ಉಳಿದಿದೆ. ಉಳಿದ ಕೆಲವೇ ಚಿತ್ರಮಂದಿರಗಳಲ್ಲಿ ಒಂದರ ಮುಂದೆ ಆ ಬೆಳಗ್ಗೆ ಬಾಸ್ ನಿಂತಿದ್ದರು, ಪ್ಲೈವುಡ್ ಮತ್ತು ಫ್ಲೆಕ್ಸಿನಲ್ಲಿ, ಸುಮಾರು ನಲವತ್ತು ಅಡಿ. ಕೊರಳಲ್ಲಿ ಸೇಬಿನ ಹಾರ. ಹಾರ ಹಾಕಲು ಬಂದಿದ್ದ ಕ್ರೇನ್ ಇನ್ನೂ ಪಕ್ಕದಲ್ಲೇ ನಿಂತು ಬಸ್ಸುಗಳಿಗೆ ದಾರಿ ಕಟ್ಟಿತ್ತು. ಒಬ್ಬ ಹುಡುಗ ಬಿದಿರಿನ ಸಾರವೆ ಹತ್ತಿ, ನಂದಿನಿ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ತುಪ್ಪನೆ ಉಗುಳಿ, ಹಾಲನ್ನು ನೆತ್ತಿಯ ಮೇಲೆ ಸುರಿದ. ಅದು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಪ್ಪು ಕನ್ನಡಕಕ್ಕೆ ಇಳಿದು, ಮೀಸೆಯ ಬಳಿ ಒಂದು ಕ್ಷಣ ಯೋಚಿಸಿ, ಸೇಬುಗಳನ್ನು ತೊಳೆದು ಚರಂಡಿ ಸೇರಿತು. ಕಟೌಟಿನ ಬುಡದಲ್ಲಿ ಕಂದು ಬಣ್ಣದ ನಾಯಿಯೊಂದು ಗದ್ದಲಕ್ಕೆ ಜಗ್ಗದೆ ನೆಲ ನೆಕ್ಕುತ್ತಿತ್ತು. ಆ ದಿನದ ಚಿತ್ರದಿಂದ ತೃಪ್ತಿಯಾಗಿ ಮನೆಗೆ ಹೋದ ಏಕೈಕ ಪ್ರೇಕ್ಷಕ ಅದೇ ಎಂದು ನನ್ನ ಅಂದಾಜು.

2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದಾಗ ಇದೇ ಅಳಿಯ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ, ಬಡವರು ಬದುಕುವುದು ಹೇಗೆ ಎಂದು ಅರ್ಧ ಗಂಟೆ ಭಾಷಣ ಮಾಡಿದ್ದ. ಅದನ್ನು ನೆನಪಿಸಿದೆ. ‘ಅದು ಕುಡಿಯುವ ಹಾಲು ಮಾವ, ಇದು ಭಕ್ತಿಯ ಹಾಲು’ ಎಂದ. ಭಕ್ತಿಯ ವಿಷಯದಲ್ಲಿ ನನಗೊಂದು ಗೊಂದಲ ಹಳೆಯದು. ಡಾ. ರಾಜಕುಮಾರ್ ವೇದಿಕೆ ಹತ್ತಿದರೆ ‘ಅಭಿಮಾನಿ ದೇವರುಗಳೇ’ ಎಂದು ಕೈಮುಗಿಯುತ್ತಿದ್ದರು. ಆ ಲೆಕ್ಕದಲ್ಲಿ ದೇವರು ಕೆಳಗಿದ್ದಾನೆ, ಭಕ್ತ ಮೇಲಿದ್ದಾನೆ. ಹಾಗಿದ್ದರೆ ಗರ್ಭಗುಡಿಯಿಂದ ಎದ್ದುಬಂದು, ಸಾರವೆ ಹತ್ತಿ, ಭಕ್ತನ ಪ್ಲೈವುಡ್ಡಿಗೆ ಅಭಿಷೇಕ ಮಾಡುವ ದೇವರನ್ನು ಯಾವ ಪುರಾಣದಲ್ಲಿ ಹುಡುಕುವುದು?

ತಮಾಷೆ ಬಿಟ್ಟು ಒಂದು ಮಾತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ವಿದ್ಯುತ್ ತಂತಿ ತಗುಲಿ ಸತ್ತರು. ಆ ನಟರು ಊರಿಗೆ ಬಂದು ಹೆತ್ತವರನ್ನು ಕಂಡರು, ಅಭಿಮಾನವನ್ನು ಹೀಗೆ ತೋರಿಸಬೇಡಿ ಎಂದರು. ಸಾರವೆಯ ಮೇಲಿದ್ದ ಹುಡುಗನ ತಲೆಯಿಂದ ಮಾರು ದೂರದಲ್ಲಿ ತಂತಿ ಹಾದುಹೋಗಿದ್ದನ್ನು ಕಂಡು ನನಗೆ ಅದು ನೆನಪಾಯಿತು, ಹೇಳಿದೆ. ‘ಅವರು ನಮ್ಮ ಬಾಸ್ ಅಭಿಮಾನಿಗಳಲ್ಲ ಮಾವ’ ಎಂದ ಅಳಿಯ. ಆ ಬೆಳಗ್ಗೆ ಕಿವಿಗೆ ಬಿದ್ದ ಅಭಿಪ್ರಾಯಗಳಲ್ಲಿ ಇದೊಂದಕ್ಕೆ ನನ್ನಲ್ಲಿ ಕೊಂಕು ಹುಟ್ಟಲಿಲ್ಲ. ಒಳಗೆ ಹೋದೆವು.

ತೆರೆಯ ಮೇಲೆ ಮೊದಲು ಬಂದದ್ದು ಬಿರುದುಗಳು. ಕಲ್ಯಾಣದ ಚಾಲುಕ್ಯರ ಶಾಸನ ಓದಿದವರಿಗೆ ಇದು ಹೊಸದಲ್ಲ. ‘ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ’ ಎಂದು ಕಲ್ಲಿನ ಅರ್ಧ ಭಾಗ ಸವೆದ ಮೇಲೆ ತಿಳಿಯುತ್ತದೆ, ರಾಜರು ಯಾರಿಗೋ ಒಂದು ತುಂಡು ಗದ್ದೆ ಕೊಟ್ಟಿದ್ದಾರೆ ಎಂದು. ಇಲ್ಲಿಯೂ ಹಾಗೆಯೇ. ಸ್ಟಾರ್, ಕಿಂಗ್, ಸಿಂಹ, ಸುಲ್ತಾನ ಎಲ್ಲ ಮುಗಿದ ಮೇಲೆ ಬರುವ ಕಥೆಯ ವಿಸ್ತೀರ್ಣ ಆ ಗದ್ದೆಗಿಂತ ಕಡಿಮೆ. ವಿಜಯನಗರದ ಅರಸರಿಗೆ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂದೊಂದು ಬಿರುದಿತ್ತು, ಕೊಟ್ಟ ಮಾತಿಗೆ ತಪ್ಪುವ ರಾಜರನ್ನು ಮಣಿಸುವವನು ಎಂದು. ಈ ಚಿತ್ರದ ಬಿಡುಗಡೆ ಐದು ಸಲ ಮುಂದೆ ಹೋಗಿತ್ತು. ಆ ಬಿರುದಿನ ಮೊದಲ ಎರಡು ಪದಗಳನ್ನು ನಿರ್ಮಾಪಕರಿಗೆ ಕೊಟ್ಟಿದ್ದರೆ ಸೊಗಸಾಗಿರುತ್ತಿತ್ತು.

ಬಾಸ್ ಬಂದದ್ದು ಚಿತ್ರ ಶುರುವಾಗಿ ಇಪ್ಪತ್ತು ನಿಮಿಷಕ್ಕೆ, ಅದೂ ಕಂತುಗಳಲ್ಲಿ. ಮೊದಲು ಬೂಟು. ಬೂಟಿನ ಅಡಿಯಲ್ಲಿ ಒಂದು ಒಣಗಿದ ಎಲೆ. ಎಲೆ ನಿಧಾನಗತಿಯಲ್ಲಿ ಪುಡಿಯಾಯಿತು. ಆಮೇಲೆ ಬೆರಳುಂಗುರ, ಕಡಗ, ಕತ್ತಿನ ನರ. ಅಷ್ಟರಲ್ಲಿ ಚಿತ್ರಮಂದಿರದ ಒಳಗೆ ಕಾಗದದ ಮಳೆ ಆರಂಭವಾಗಿತ್ತು. ಬಾಸ್ ಮುಖ ತಿರುಗಿಸಿ ಚಿತ್ರದ ಮೊದಲ ಮಾತನ್ನು ಆಡಿದರು. ತುಟಿ ಅಲುಗಿದ್ದನ್ನು ನಾನು ಕಂಡೆ. ಶಿಳ್ಳೆಯ ನಡುವೆ ಒಂದಕ್ಷರವೂ ಕೇಳಿಸಲಿಲ್ಲ. ‘ಏನೆಂದರಪ್ಪಾ?’ ಎಂದು ಪಕ್ಕದವನನ್ನು ಕೇಳಿದೆ. ‘ಏನಂದರೆ ಏನು ಸರ್, ಅಂದರಲ್ಲ!’ ಎಂದು ಕಣ್ಣೀರು ಒರೆಸಿಕೊಂಡ.

ನನ್ನ ಅಳಿಯನಾದರೋ ತೆರೆಗೆ ಬೆನ್ನು ಮಾಡಿ ಕುರ್ಚಿಯ ಮೇಲೆ ನಿಂತಿದ್ದ. ಪ್ರೇಕ್ಷಕರು ಹೇಗೆ ಕುಣಿಯುತ್ತಿದ್ದಾರೆ ಎಂಬುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಅವನ ಮುಂದೆ ನಿಂತಿದ್ದವನು ಇವನನ್ನು ಹಿಡಿಯುತ್ತಿದ್ದ. ಒಂದು ಘಟ್ಟದಲ್ಲಿ ಇಡೀ ಸಭಾಂಗಣದಲ್ಲಿ ತೆರೆಯ ಕಡೆ ಮುಖ ಮಾಡಿದ್ದವನು ನಾನೊಬ್ಬನೇ ಎಂಬ ಅನುಮಾನ ಬಂದು, ಬಾಸ್ ಒಂಟಿಯಾದರಲ್ಲ ಎಂದು ಮರುಕವಾಯಿತು.

ಮಧ್ಯಂತರದಲ್ಲಿ ತೀರ್ಪು ಹೊರಬಿತ್ತು. ‘ಇಂಥ ಚಿತ್ರ ಕನ್ನಡದಲ್ಲಿ ಬಂದಿಲ್ಲ, ಬರುವುದೂ ಇಲ್ಲ.’ ನಾನು ಮೆಲ್ಲಗೆ, ನಾಯಕಿಯ ಪಾತ್ರದ ಹೆಸರೇನು ಎಂದೆ. ಚಿತ್ರದಲ್ಲಿ ನಾಯಕಿ ಇದ್ದಾಳೆ ಎಂಬುದು ಅವನಿಗೆ ಹೊಸ ಸುದ್ದಿ. ಅಪ್ಪನನ್ನು ಕೊಂದವರು ಯಾರು ಎಂದೆ. ‘ಯಾರಾದರೇನು ಮಾವ, ಬಾಸ್ ಬಿಡುತ್ತಾರೆಯೇ?’ ಎಂದ. ಆ ಮಾತನ್ನು ಅಲ್ಲಗಳೆಯಲು ನನ್ನಿಂದ ಈವರೆಗೂ ಆಗಿಲ್ಲ. ಕೊಂದವನನ್ನು ಮಾತ್ರವಲ್ಲ, ಸುತ್ತಮುತ್ತ ಇದ್ದವರನ್ನೂ ಬಾಸ್ ಬಿಡಲಿಲ್ಲ.

ಚಿತ್ರ ಎರಡನೆಯ ವಾರ ಕಾಣಲಿಲ್ಲ. ಆಗ ಶುರುವಾಯಿತು ನಿಜವಾದ ವಿಮರ್ಶೆ. ನಿರ್ದೇಶಕನಿಗೆ ಬಾಸ್ ಅವರನ್ನು ಬಳಸಿಕೊಳ್ಳಲು ಬರಲಿಲ್ಲ. ಐಪಿಎಲ್ ಇತ್ತು. ಪರೀಕ್ಷೆ ಇತ್ತು. ಮಳೆ ಬಂತು. ಪರಭಾಷೆಯ ಚಿತ್ರಕ್ಕೆ ಪರದೆ ಕೊಟ್ಟರು. ಇನ್ನೊಬ್ಬ ನಟನ ಅಭಿಮಾನಿಗಳು ಹಣ ಕೊಟ್ಟು ಅಪಪ್ರಚಾರ ಮಾಡಿಸಿದರು. ಹೀಗೆ ಪಂಚಭೂತಗಳಲ್ಲಿ ನಾಲ್ಕರ ಮೇಲೆ ಆರೋಪ ಹೊರಿಸಿದ ಮೇಲೂ ಬಾಸ್ ಮಾತ್ರ ನಿರ್ದೋಷಿ. ಅದೇ ಅದರ ಹಿಂದಿನ ಚಿತ್ರ ಗೆದ್ದಾಗ ಆ ನಿರ್ದೇಶಕನ ಹೆಸರು ಇವನಿಗೆ ಗೊತ್ತೇ ಇರಲಿಲ್ಲ. ಸೋತ ಮೇಲೆ ಪಾಪ, ನಿರ್ದೇಶಕನಿಗೆ ಹೆಸರು ಬಂತು.

ಗೆಲುವನ್ನು ಅಳೆಯುವ ಕೊಳಗವೂ ಬದಲಾಗಿದೆ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನಲ್ಲಿ ವರ್ಷ ದಾಟಿ ಓಡಿತು ಎಂದು ನಾವು ಎದೆಯುಬ್ಬಿಸುತ್ತಿದ್ದೆವು. ಅದು ದಿನಗಳ ಲೆಕ್ಕ, ಕ್ಯಾಲೆಂಡರ್ ಇದ್ದ ಯಾರಾದರೂ ಮಾಡಬಹುದಿತ್ತು. ಈಗ ಕೋಟಿಗಳ ಲೆಕ್ಕ. ನನ್ನ ಅಳಿಯ ಬೆಳಗ್ಗೆ ಹಲ್ಲುಜ್ಜುವ ಮೊದಲು ಹಿಂದಿನ ದಿನದ ಗಲ್ಲಾಪೆಟ್ಟಿಗೆಯ ಗಳಿಕೆ ನೋಡುತ್ತಾನೆ. ನಿರ್ಮಾಪಕರಿಗೆ ಆಂಧ್ರ ವಿತರಣೆಯಿಂದ ಎಷ್ಟು ಬಂತು, ಡಿಜಿಟಲ್ ಹಕ್ಕು ಎಷ್ಟಕ್ಕೆ ಹೋಯಿತು ಎಂದು ದಶಾಂಶ ಬಿಂದುವಿನವರೆಗೂ ಹೇಳುತ್ತಾನೆ. ಅವನಿಗೆ ನಾನು ಯುಗಾದಿಯಲ್ಲಿ ಕೊಟ್ಟ 600 ರೂಪಾಯಿಯ ಪ್ರಸ್ತಾಪ ಬಂದರೆ ಮಾತ್ರ ‘ಲೆಕ್ಕ ನೆನಪಿಲ್ಲ ಮಾವ’.

ಇಷ್ಟೆಲ್ಲ ಅಭಿಪ್ರಾಯ ಇಟ್ಟುಕೊಂಡವನಿಗೆ ಅದನ್ನು ದಾಖಲಿಸುವ ಭಾಗ್ಯ ತಪ್ಪಿತು. ಟಿಕೆಟ್ ಕೊಳ್ಳುವ ಆ್ಯಪ್ ತೆರೆದರೆ, ನ್ಯಾಯಾಲಯದ ಆದೇಶದಂತೆ ಈ ಚಿತ್ರಕ್ಕೆ ರೇಟಿಂಗ್ ಮತ್ತು ವಿಮರ್ಶೆ ಸ್ಥಗಿತಗೊಳಿಸಲಾಗಿದೆ ಎಂಬ ಸೂಚನೆ. ಈಚೆಗೆ ಕೆಲವು ಕನ್ನಡ ಚಿತ್ರಗಳು ಹುಟ್ಟುವಾಗಲೇ ಇಂಥ ತಾಯಿತ ಕಟ್ಟಿಕೊಂಡು ಬರುತ್ತಿವೆ. ದುರುದ್ದೇಶದ ವಿಮರ್ಶೆಯನ್ನು ತಡೆಯಲು ಎಂದು ನಿರ್ಮಾಪಕರ ವಾದ. ಅಳಿಯನ ಗೋಳು ಬೇರೆ. ಹತ್ತಕ್ಕೆ ಹತ್ತು ಅಂಕ ಕೊಡಲೆಂದೇ ಅವನು ಅವನದು, ನನ್ನ ಅಕ್ಕನದು, ತಂಗಿಯದು, ಊರಿನಲ್ಲಿರುವ ಅಜ್ಜಿಯದು ಎಂದು ನಾಲ್ಕು ಖಾತೆ ಸಿದ್ಧಮಾಡಿಕೊಂಡಿದ್ದ. ಅಜ್ಜಿ ಚಿತ್ರಮಂದಿರಕ್ಕೆ ಕಾಲಿಟ್ಟು ಮೂವತ್ತು ವರ್ಷವಾಗಿದೆ. ಆಕೆಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೂ ಧಕ್ಕೆ ಬಂತು. ಅತ್ತ 2025ರಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿದರೆ ಅದಕ್ಕೂ ಹೈಕೋರ್ಟಿನಲ್ಲಿ ತಡೆ ಬಿತ್ತು. ಅಭಿಪ್ರಾಯಕ್ಕೆ ತಡೆ, ದರದ ಮಿತಿಗೆ ತಡೆ. ಯಾವ ತಡೆಯೂ ಇಲ್ಲದೆ ಬೆಲೆ ಏರಿಸಿಕೊಂಡು ಹೋಗುತ್ತಿರುವುದು ಪಾಪ್‌ಕಾರ್ನ್ ಒಂದೇ.

ಮೊನ್ನೆ ಭಾನುವಾರ ಮನೆಗೆ ಬಂದವನು ಮುಂದಿನ ಚಿತ್ರದ ಬೆನ್ನನ್ನು ಮತ್ತೆ ಹೊಗಳಲು ಶುರುಮಾಡಿದ. ನನಗೆ ತಡೆಯಲಾಗಲಿಲ್ಲ. ‘ನಿನ್ನ ಬಾಸ್ ಮಾಡಿದ್ದರಲ್ಲಿ ಚೆನ್ನಾಗಿಲ್ಲದ ಒಂದೇ ಒಂದು ಚಿತ್ರದ ಹೆಸರು ಹೇಳಿಬಿಡು, ನಿನ್ನ 600 ರೂಪಾಯಿ ಮನ್ನಾ’ ಎಂದೆ. ಅವನು ಇಡ್ಲಿ ಮುರಿಯುವುದನ್ನು ನಿಲ್ಲಿಸಿದ. ‘ನೀವು ಹೇಳಿ ಮಾವ. ರಾಜಕುಮಾರ್ ಇನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದ್ದಾರಲ್ಲ, ಅದರಲ್ಲಿ ಚೆನ್ನಾಗಿಲ್ಲದ್ದು ಯಾವುದು?’

ಇದೊಂದು ಪ್ರಶ್ನೆಯೇ? 1954ರ ‘ಬೇಡರ ಕಣ್ಣಪ್ಪ’ದಿಂದ ಮನಸ್ಸಿನಲ್ಲೇ ಪಟ್ಟಿ ಹಿಡಿದು ಹೊರಟೆ. ‘ಕಸ್ತೂರಿ ನಿವಾಸ’ದ ಬಳಿ ಗಂಟಲು ಕಟ್ಟಿತು. ‘ಮಯೂರ’ದಲ್ಲಿ ಬೆನ್ನು ನೆಟ್ಟಗಾಯಿತು. ‘ಸನಾದಿ ಅಪ್ಪಣ್ಣ’ ದಾಟುವಾಗ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿಸಿತು. ಇಡ್ಲಿ ತಣ್ಣಗಾಯಿತು, ಪಟ್ಟಿ ಮುಗಿಯಿತು.

‘ಇಲ್ಲ’ ಎಂದೆ.

‘ಆಪರೇಷನ್ ಡೈಮಂಡ್ ರಾಕೆಟ್?’ ಎಂದ, ಮೊದಲೇ ಹುಡುಕಿ ಇಟ್ಟುಕೊಂಡು ಬಂದವನಂತೆ. ‘ಅದರಲ್ಲಿ ಅವರು ಇಂಗ್ಲಿಷಿನಲ್ಲಿ ಹಾಡುತ್ತಾರಲ್ಲ ಮಾವ, ಇವತ್ತು ಬಂದರೆ ಬೇಗವಾಯಿತು, ನಾಳೆ ಬಂದರೆ ತಡವಾಯಿತು ಎಂದು. ಮತ್ತೆ ಆ ಹುಡುಗಿ ಯಾವಾಗ ಬರಬೇಕು?’

ನನಗೆ ರಕ್ತ ತಲೆಗೇರಿತು. ಆ ಸಾಲಿನಲ್ಲಿರುವ ಕಾಲದ ತತ್ವವನ್ನು, ಪ್ರೇಮದಲ್ಲಿ ಸರಿಯಾದ ವೇಳೆ ಎಂಬುದು ಪಂಚಾಂಗಕ್ಕೂ ಸಿಕ್ಕದ ಮುಹೂರ್ತವೆಂಬುದನ್ನು, ಅದನ್ನು ಕನ್ನಡದ ಗಂಟಲಿನಿಂದ ಆಂಗ್ಲರಿಗೆ ಅವರದೇ ಭಾಷೆಯಲ್ಲಿ ಕಲಿಸಿದ ಧೀಮಂತಿಕೆಯನ್ನು ವಿವರಿಸಲು ಹತ್ತು ನಿಮಿಷ ಹಿಡಿಯಿತು. ನಡುವೆ ಒಂದೆರಡು ಸಲ ಮೇಜನ್ನೂ ಗುದ್ದಿದೆ. ಅಡುಗೆಮನೆಯಿಂದ ನನ್ನಾಕೆ ಇಣುಕಿ, ಚಟ್ನಿ ಚೆಲ್ಲದಂತೆ ಬಟ್ಟಲನ್ನು ಅತ್ತ ಸರಿಸಿ ಹೋದಳು.

‘ಇರಲಿ ಮಾವ’ ಎಂದ ಅಳಿಯ, ನಾನು ಅವನಿಗೆ ಸಾಮಾನ್ಯವಾಗಿ ತೋರಿಸುವ ತಾಳ್ಮೆಯಿಂದ. ‘ಆ ಚಿತ್ರದ ಕಥೆ ಏನು?’

1978ರಲ್ಲಿ, ಊರ ಹೊರಗಿನ ಟೂರಿಂಗ್ ಟಾಕೀಸಿನಲ್ಲಿ, ನೆಲದ ಟಿಕೆಟ್ಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು ನೋಡಿದ ಚಿತ್ರ. ಗುಡಾರದ ತೂತಿನಿಂದ ಬೀಳುತ್ತಿದ್ದ ಬೆಳದಿಂಗಳು ನೆನಪಿದೆ. ನಾಲಗೆ ಮಡಿಸಿ ಎರಡು ಬೆರಳಿಟ್ಟು ಶಿಳ್ಳೆ ಹಾಕಲು ಕಲಿತದ್ದು ಅಲ್ಲಿಯೇ. ಅಣ್ಣಾವ್ರು ತೆರೆಯ ಮೇಲೆ ಬಂದಾಗ ಮುಷ್ಟಿಯಲ್ಲಿದ್ದ ಚಿಲ್ಲರೆಯನ್ನು ಎಸೆದು, ಆಮೇಲೆ ಕತ್ತಲಲ್ಲಿ ಅದನ್ನೇ ತಡಕಾಡಿ ಹುಡುಕಿದ್ದು ನೆನಪಿದೆ.

‘ಒಂದು ವಜ್ರ ಇರುತ್ತದೆ’ ಎಂದೆ.

‘ಆಮೇಲೆ?’

‘ಅದರದ್ದೊಂದು ಜಾಲ ಇರುತ್ತದೆ.’

‘ಅಷ್ಟು ಚಿತ್ರದ ಹೆಸರಿನಲ್ಲೇ ಇದೆ ಮಾವ. ನಿಜ ಹೇಳಿ, ಚಿತ್ರ ನೋಡಿದ್ದೀರಾ?’

‘ಎಂಟು ಸಲ’ ಎಂದೆ.